ಮೊದಲ ಪೂಜೆಯವನಲ್ಲಿ ಒಂದು ನಿವೇದನೆ

ಗಣಪತಿಯೇ, ಮೊದಲ ಪೂಜೆಯ ಒಡೆಯನೇ, ವಿಘ್ನವನ್ನು ಕಳೆ ಎಂದು ಕೇಳಲು ನಾನು ಬಂದಿಲ್ಲ. ಅದು ಎಲ್ಲಿ ಕೂತಿದೆ ಎಂದು ತೋರಿಸಿಕೊಟ್ಟರೆ ಸಾಕು. ಪಕ್ಕದ ಮನೆಯ ಹುಡುಗಿಯ ಕಂಪ್ಯೂಟರ್ ನನ್ನ ಮೇಜಿನ ಮೇಲಿದೆ. ಹಳೆಯ ಡಿಸ್ಕಿನ ಸಿ ಡ್ರೈವನ್ನು ಹೊಸದಕ್ಕೆ ನಕಲಿಸಿ ಜೋಡಿಸಿದ್ದಾಳೆ. ಫ್ಯಾನ್ ತಿರುಗುತ್ತದೆ, ಕಂಪನಿಯ ಲಾಂಛನ ಮೂಡುತ್ತದೆ, ಆಮೇಲೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ಬೂಟ್ ಮಾಡಲು ಡಿಸ್ಕ್ ಇಲ್ಲ. ಇದೆಯಲ್ಲಪ್ಪಾ, ಕಣ್ಣೆದುರೇ ಇದೆ!

ಫಾರ್ಮ್ಯಾಟ್ ಮಾಡಿಬಿಡೋಣ ಎಂದು ಓಡುವ ಕೈಯನ್ನು ಮೊದಲು ತಡೆ. ಬಯಾಸ್ ಸೆಟಪ್ಪಿನಲ್ಲಿ ಡಿಸ್ಕಿನ ಹೆಸರು ಕಾಣುತ್ತದೋ ಇಲ್ಲವೋ ನೋಡುವ ತಾಳ್ಮೆ ಕೊಡು. ಕಾಣದಿದ್ದರೆ ಕೆಲಸ ಸ್ಕ್ರೂಡ್ರೈವರಿನದು: ಸಡಿಲವಾದ ಸಾಟಾ ಕೇಬಲ್ಲು, ಪವರ್ ಕನೆಕ್ಟರು, ಇಲ್ಲವೇ ಸಾಟಾ ಮಾತ್ರ ಬಲ್ಲ ಎಂ.2 ಸ್ಲಾಟಿಗೆ ಸಿಕ್ಕಿಸಿದ ಎನ್‌ವಿಎಂಇ ಡ್ರೈವು. ಕಂಡರೆ ಡಿಸ್ಕನ್ನು ಕೂಡಲೇ ಬೈಯುವಂತಿಲ್ಲ. ಇಲ್ಲಿ ಕಾಣುತ್ತಿದೆ.

ಎಂಬಿಆರ್ ಎಂಬ ಹಳೆಯ ಪದ್ಧತಿ ನಿನಗೆ ಗೊತ್ತೇ ಇದೆ. 1983ರಲ್ಲಿ ಐಬಿಎಂನ ಪಿಸಿ ಎಕ್ಸ್‌ಟಿ ಹಾರ್ಡ್ ಡಿಸ್ಕ್ ಹೊತ್ತು ಬಂದ ಕಾಲದ್ದು. ಡಿಸ್ಕಿನ ಮೊದಲ 512 ಬೈಟ್‌ಗಳಲ್ಲೇ ಎಲ್ಲ ಹಿಡಿಯಬೇಕು: 446 ಬೈಟ್ ಎಬ್ಬಿಸುವ ಕೋಡಿಗೆ, 64 ವಿಭಾಗಗಳ ಪಟ್ಟಿಗೆ, ಕೊನೆಯ 2 ಗುರುತಿಗೆ. ಆ ಎರಡು ಬೈಟ್ ಕೆಟ್ಟರೆ, ಹಿಂದೆ ಎಷ್ಟು ಸಾವಿರ ಫೋಟೊ ಇದ್ದರೂ ಬಹುಪಾಲು ಬಯಾಸ್‌ಗಳು ತಿರುಗಿಯೂ ನೋಡವು. ಪಟ್ಟಿಯ ಲೆಕ್ಕವೂ 32 ಬಿಟ್‌ಗಳದು. 4 ಟೆರಾಬೈಟ್ ಡಿಸ್ಕ್ ಕೊಂಡರೆ ಸುಮಾರು ಅರ್ಧ ಮಾತ್ರ ದಕ್ಕುವುದು ಇದರಿಂದಲೇ.

ಯುಇಎಫ್‌ಐ ಎಂಬುದು ಹೊಸ ಪದ್ಧತಿ, ಅವಳ ಯಂತ್ರದ್ದೂ ಅದೇ; ಅದು ಆ ಕೋಡಿನ ಗೊಡವೆಗೇ ಹೋಗುವುದಿಲ್ಲ. ಜಿಪಿಟಿ ಪಟ್ಟಿ ಓದಿ, ಫ್ಯಾಟ್32ರಲ್ಲಿರುವ ಪುಟ್ಟ ಇಎಫ್‌ಐ ವಿಭಾಗವನ್ನು ಹುಡುಕಿ, ಅಲ್ಲಿನ ಬೂಟ್ ಫೈಲನ್ನು ಕರೆಯುತ್ತದೆ. ಆ ವಿಭಾಗಕ್ಕೆ ವಿಂಡೋಸ್ ಡ್ರೈವ್ ಅಕ್ಷರ ಕೊಡುವುದಿಲ್ಲ. ಕಣ್ಣಿಗೆ ಬೀಳದ್ದನ್ನು ಯಾರು ನಕಲಿಸುತ್ತಾರೆ? ಸಾಮಾನೆಲ್ಲ ಹೊಸ ಮನೆಗೆ ಬಂತು, ಬಾಗಿಲು ಹಳೆಯ ಮನೆಯಲ್ಲೇ ಉಳಿಯಿತು. ಇಂಥ ಡಿಸ್ಕಿಗೂ ‘ಫಿಕ್ಸ್ ಎಂಬಿಆರ್’ ಕಮಾಂಡ್ ಕೊಡು ಎನ್ನುವ ಸಲಹೆಗಾರರಿಂದ ನನ್ನನ್ನು ಕಾಪಾಡು. ಯಾರೂ ಓದದ ಜಾಗವನ್ನು ರಿಪೇರಿ ಮಾಡಿ ಏನು ಬಂತು?

ಆದ್ದರಿಂದ ಬೇಡಿಕೆ ಸಣ್ಣದು. ವಿಂಡೋಸ್ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸುತ್ತೇನೆ, ಡಿಸ್ಕಿನ ಖಾಲಿ ಜಾಗದಲ್ಲಿ ಇಎಫ್‌ಐ ವಿಭಾಗ ಮಾಡುತ್ತೇನೆ. ಅದಕ್ಕೆ ಬೂಟ್ ಫೈಲುಗಳನ್ನು ತುಂಬುವ ಬಿಸಿಡಿಬೂಟ್ ಕಮಾಂಡ್ ಬರೆಯುವಾಗ ಡ್ರೈವ್ ಅಕ್ಷರ ತಪ್ಪದಂತೆ ನೋಡಿಕೋ. ಎಂದಿನ ಸಿ ಡ್ರೈವ್ ಅಲ್ಲಿ ಡಿ ಆಗಿ ಕಂಡೀತು. ಅಲ್ಲಿಯವರೆಗೆ ಹಳೆಯ ಡಿಸ್ಕನ್ನು ಜೋಡಿಸದೆ ದೂರವೇ ಇಡುವ ಬುದ್ಧಿ ಕೊಡು. ಅದು ಜೊತೆಗಿದ್ದರೆ ಯಂತ್ರ ಅದರ ಬೂಟ್ ಫೈಲಿನಿಂದಲೇ ಎದ್ದು, ಎಲ್ಲ ಸರಿಯಾಯಿತೆಂದು ನಮ್ಮಿಬ್ಬರನ್ನೂ ನಂಬಿಸಿಬಿಡುತ್ತದೆ.

ಅವಳ ಪ್ರಾಜೆಕ್ಟ್ ಆ ಹಳೆಯದರಲ್ಲಿ ಇನ್ನೂ ಭದ್ರವಾಗಿದೆ. ಹೊಸದು ತಾನೊಂದೇ ಎದ್ದು ಕೆಲವು ವಾರ ನಡೆಯುವವರೆಗೆ ಅದನ್ನು ಅಳಿಸಬೇಡ ಎಂದು ಹೇಳಿದ್ದೇನೆ. ತಮ್ಮನಿಗೆ ಗೇಮ್ ಹಾಕಲು ಜಾಗ ಬೇಕಂತೆ. ಅವನಿಗೆ ಮಾತ್ರ ನೀನೇ ಹೇಳಬೇಕು, ತಂದೆ.