ಊರಿನ ಹಣವೂ ಅಮಾನತ್



ಪವಿತ್ರ ಕುರ್‌ಆನಿನ 42ನೆಯ ಅಧ್ಯಾಯದ ಹೆಸರು 'ಅಶ್ಶೂರಾ'. ಅಂದರೆ ಸಮಾಲೋಚನೆ. ಅದರ 38ನೆಯ ಸೂಕ್ತವು ಸತ್ಯವಿಶ್ವಾಸಿಗಳ ಗುಣಗಳನ್ನು ಎಣಿಸುತ್ತದೆ. ಅಲ್ಲಿ ನಮಾಝ್ ಮತ್ತು ದಾನಗಳ ನಡುವೆ ಇರುವ ಗುಣವೇ ಪರಸ್ಪರ ಸಮಾಲೋಚನೆ. ನಮಾಝ್ ಬಿಟ್ಟವನಿಗೆ ನಾವು ಬುದ್ಧಿ ಹೇಳುತ್ತೇವೆ. ಸಮಾಲೋಚನೆಗೆ ಬಾರದವನಿಗೆ ಯಾರಾದರೂ ಹೇಳಿದ್ದೇವೆಯೇ?

ಊರಿನ ರಸ್ತೆ, ಚರಂಡಿ, ನಲ್ಲಿ ನೀರು, ಮನೆ ಮಂಜೂರಾದವರ ಪಟ್ಟಿ ಇವೆಲ್ಲ ನಮ್ಮೆಲ್ಲರ ವ್ಯವಹಾರಗಳೇ. ಅಂಗಡಿಯಲ್ಲಿ ಒಂದು ಸಾಬೂನು ಕೊಳ್ಳುವ ವಿಧವೆಯೂ ಸರಕಾರಕ್ಕೆ ತೆರಿಗೆ ಕೊಡುತ್ತಾಳೆ. ಆ ಹಣ ಅಧ್ಯಕ್ಷರದ್ದೂ ಅಲ್ಲ, ಅಧಿಕಾರಿಯದ್ದೂ ಅಲ್ಲ. ಅದು ಅವರ ಕೈಯಲ್ಲಿರುವ ಅಮಾನತ್.

ಪ್ರವಾದಿವರ್ಯರು(ಸ) ಬನೂ ಸುಲೈಮ್ ಗೋತ್ರದ ಝಕಾತ್ ವಸೂಲಿಗೆ ಇಬ್ನುಲ್ಲುತ್‌ಬಿಯ್ಯಃ ಎಂಬವರನ್ನು ನೇಮಿಸಿದ್ದರು. ಅವರು ಮರಳಿದಾಗ ಪ್ರವಾದಿವರ್ಯರು(ಸ) ಲೆಕ್ಕ ಕೇಳಿದರು. ಇಷ್ಟು ನಿಮ್ಮದು, ಇಷ್ಟು ನನಗೆ ಬಂದ ಉಡುಗೊರೆ ಎಂದರು ಅವರು. ತಂದೆತಾಯಿಯ ಮನೆಯಲ್ಲಿ ಕೂತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂಬುದು ಪ್ರವಾದಿವರ್ಯರ(ಸ) ಪ್ರಶ್ನೆಯಾಗಿತ್ತು. ಬಳಿಕ ಅವರು ಜನರ ಮುಂದೆ ನಿಂತು ಈ ವಿಷಯವನ್ನು ಬಹಿರಂಗವಾಗಿ ಹೇಳಿದರು. ಹಾಗೆ ಪಡೆದ ಒಂಟೆ, ಹಸು, ಆಡುಗಳು ಅಂತಿಮ ದಿನದಂದು ಕೂಗುತ್ತಾ ಅವನ ಕೊರಳ ಮೇಲೆ ಬರುವುವು ಎಂದು ಎಚ್ಚರಿಸಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾದ ಈ ಘಟನೆಯಲ್ಲಿ ಎರಡು ಪಾಠಗಳಿವೆ. ಸಾರ್ವಜನಿಕ ಹಣದ ಲೆಕ್ಕ ಸಾರ್ವಜನಿಕರ ಮುಂದೆಯೇ ಆಗಬೇಕು. ಇನ್ನೊಂದು, ಆ ಪ್ರವಚನದಲ್ಲಿ ಅವರು ತಪ್ಪನ್ನು ತೋರಿಸಿದರೇ ಹೊರತು ವ್ಯಕ್ತಿಯ ಹೆಸರೆತ್ತಲಿಲ್ಲ.

ಮಾಗಡಿ, ಕನಕಪುರ ಕಡೆಯ ಹಳೆಯ ದನದ ವ್ಯಾಪಾರ ನಿಮಗೆ ಗೊತ್ತು. ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ, ಪಕ್ಕದವನಿಗೂ ತಿಳಿಯದು. ಅದು ಇಬ್ಬರ ಸ್ವಂತ ಹಣ, ಇರಲಿ. ಆದರೆ ರಾಮನಗರದ ಸರಕಾರಿ ರೇಷ್ಮೆಗೂಡು ಮಾರುಕಟ್ಟೆಯನ್ನು ನೋಡಿ. ಅಲ್ಲಿ ಗೂಡಿನ ಹರಾಜು ಬಹಿರಂಗವಾಗಿ ನಡೆಯುತ್ತದೆ. ಬೆಲೆ ಒಪ್ಪದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿದೆ. ಕೂಗಿನ ಬದಲು ಮೊಬೈಲಿನಲ್ಲಿ ಬಿಡ್ ಮಾಡುವ ಕಾಲ ಬಂದಾಗಲೂ ಈ ಹಕ್ಕು ಹೋಗಲಿಲ್ಲ. ನಮ್ಮ ಎಷ್ಟೋ ರೀಲರ್ ಸಹೋದರರ ಅನ್ನ ಈ ನ್ಯಾಯದಿಂದಲೇ ಬರುತ್ತಿದೆ. ಒಂದು ಲಾಟು ಗೂಡಿಗೆ ಇಷ್ಟು ಬೆಳಕು ಬೇಕಾದರೆ, ಇಡೀ ಊರಿನ ಹಣ ಟವಲಿನ ಕೆಳಗೆ ಇರಬಹುದೇ?

ಇರಕೂಡದೆಂದೇ ಕಾನೂನು ಹೇಳುತ್ತದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಕನಿಷ್ಠ ಆರು ತಿಂಗಳಿಗೊಮ್ಮೆ ಗ್ರಾಮಸಭೆ ಕರೆಯಬೇಕು. ಊರಿನ ಮತದಾರರೆಲ್ಲರೂ ಅದರ ಸದಸ್ಯರು. ಮಾಹಿತಿ ಹಕ್ಕಿಗೆ ನಮ್ಮ ರಾಜ್ಯ 2000ದಲ್ಲೇ ಕಾಯಿದೆ ಮಾಡಿತ್ತು. ಇಡೀ ದೇಶಕ್ಕೆ ಅದು 2005ರಲ್ಲಿ ಬಂತು. ಚನ್ನಪಟ್ಟಣದ ನಗರಸಭೆಯಾಗಲಿ, ಮಾಗಡಿಯ ಹಳ್ಳಿಯೊಂದರ ಪಂಚಾಯತಿಯಾಗಲಿ, 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಟ್ಟರೆ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲುಗಳ ನಕಲು ಕೇಳಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಏಕೆ ಕೇಳುತ್ತೀರಿ ಎಂಬುದಕ್ಕೆ ಕಾರಣ ಕೊಡಬೇಕಾಗಿಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲಧಿಕಾರಿಗೆ, ಆಮೇಲೆ ಮಾಹಿತಿ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಬಾಗಿಲು ತೆರೆದಿದೆ, ಒಳಗೆ ಹೋಗುವವರಿಲ್ಲ. ಚಹಾದಂಗಡಿಯಲ್ಲಿ ಗಂಟೆಗಟ್ಟಲೆ ದೂರುವವರು ಸಭೆಯ ದಿನ ಕಾಣಿಸುವುದಿಲ್ಲ. 'ನಮಗ್ಯಾಕೆ ಬೇಕು ಊರ ಉಸಾಬರಿ' ಎನ್ನುತ್ತಾರೆ. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯವು ಪಾಪಪೂರಿತವೆಂದು ಕುರ್‌ಆನ್ (2:283) ಎಚ್ಚರಿಸಿದೆ. ಹರಕು ಛಾವಣಿಯ ಕೆಳಗಿರುವ ನೆರೆಮನೆಯವಳ ಹೆಸರು ಪಟ್ಟಿಯಲ್ಲಿಲ್ಲವೆಂದು ತಿಳಿದೂ ಸುಮ್ಮನಿದ್ದರೆ, ಆ ಮೌನವನ್ನು ಏನೆಂದು ಕರೆಯೋಣ?

ಸಹೋದರಿಯರೇ, ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂದು ಸರಿಯಾಗಿ ಬಲ್ಲವರು ಕೊಡ ಹಿಡಿದು ನಿಂತ ನೀವು. ಆ ಸಾಕ್ಷ್ಯ ಹೇಳಲು ನೀವೇ ಸಭೆಗೆ ಬರಬೇಕು. ಮನೆಯ ಗಂಡಸರು ತಡೆಯಬಾರದು.

ಆದರೆ ಇತರರ ಲೆಕ್ಕ ಕೇಳುವ ಮೊದಲು ನಮ್ಮ ಲೆಕ್ಕ ತೆರೆದಿರಲಿ. ಮಸೀದಿಯ ಚಂದಾ, ವಕ್ಫ್ ಅಂಗಡಿಗಳ ಬಾಡಿಗೆ, ಮದ್ರಸದ ಖರ್ಚು ಇವುಗಳ ವಿವರ ತಿಂಗಳಿಗೊಮ್ಮೆ ಮಸೀದಿಯ ಗೋಡೆಯ ಮೇಲೆ ಕಾಣಿಸಲಿ. ಕೇಳಿದ ಯುವಕನನ್ನು 'ಫಿತ್ನಾ ಮಾಡುವವನು' ಎಂದು ಗದರುವ ಕಮಿಟಿಗೆ ಪಂಚಾಯತಿಯನ್ನು ಪ್ರಶ್ನಿಸುವ ನೈತಿಕತೆ ಎಲ್ಲಿಂದ ಬರಬೇಕು?

ಕೇಳುವುದಕ್ಕೂ ಒಂದು ಅದಬ್ ಇದೆ. ಗಾಳಿಮಾತನ್ನು ನಂಬಿ ಯಾರನ್ನೂ ಕಳ್ಳನೆನ್ನಬೇಡಿ. ಮೊದಲು ದಾಖಲೆ ನೋಡಿ. ಹಗೆ ತೀರಿಸಲು ಅರ್ಜಿ ಹಾಕಬೇಡಿ. ನಮ್ಮ ಓಣಿಯ ಚರಂಡಿಗೆ ಮಾತ್ರ ದನಿಯೆತ್ತಿ, ಪಕ್ಕದ ದಲಿತ ಕೇರಿಯ ಚರಂಡಿಯನ್ನು ಮರೆತರೆ ಅದು ನ್ಯಾಯವಲ್ಲ. ಪ್ರಾಮಾಣಿಕ ಅಧಿಕಾರಿ ಸಿಕ್ಕಾಗ ಅವರಿಗೆ ನಾಲ್ಕು ಜನರೆದುರು ಕೃತಜ್ಞತೆ ಹೇಳಿ.

ಮುಂದಿನ ಗ್ರಾಮಸಭೆ ಎಂದು ಎಂಬುದನ್ನು ಈ ವಾರವೇ ವಿಚಾರಿಸಿ. ಜುಮಾ ನಮಾಝಿನ ಬಳಿಕ ಅದನ್ನು ಪ್ರಕಟಿಸಿ. ಹೋಗುವಾಗ ಮಕ್ಕಳನ್ನೂ ಕರೆದೊಯ್ಯಿರಿ. ಲೆಕ್ಕ ಕೇಳುವುದು ಜಗಳವಲ್ಲವೆಂದು ಅವರು ಕಂಡು ಕಲಿಯಲಿ.

ಅಮಾನತನ್ನು ಕಾಯುವವರಲ್ಲಿ, ಸತ್ಯಕ್ಕೆ ಸಾಕ್ಷಿ ನಿಲ್ಲುವವರಲ್ಲಿ ಅಲ್ಲಾಹನು ನಮ್ಮೆಲ್ಲರನ್ನೂ ಸೇರಿಸಲಿ. ಆಮೀನ್.