ಹಾಳು ಕಲ್ಲಿನ ಲೆಕ್ಕ

ಹಳೇ ಕಲ್ಲು ನೋಡೋಕೆ ಜನ ಯಾಕೆ ಹೋಗ್ತಾರೆ? ದುಡ್ಡಿದ್ದವರು ವಿಮಾನ ಹತ್ತಿ ಗ್ರೀಸಿಗೆ ಹೋಗ್ತಾರೆ. ಅಲ್ಲಿ ಕೆಳಗೆ ಸಮುದ್ರ, ಮೇಲೆ ಬೆಟ್ಟ, ನಡುವೆ ಮುರಿದ ಕಂಬಗಳು. ದಾವಣಗೆರೆಯ ಜನ ಭಾನುವಾರ ಬಸ್ಸು ಹತ್ತಿ, ಹದಿನೈದು ಕಿಲೋಮೀಟರಿನೊಳಗಿರುವ ಹರಿಹರಕ್ಕೆ ಹೋಗ್ತಾರೆ. ಅಲ್ಲಿ ಸಮುದ್ರವಿಲ್ಲ, ತುಂಗಭದ್ರೆ ಇದೆ. ಇಬ್ಬರೂ ವಾಪಸ್ಸು ಬಂದು ಹೇಳುವ ಮಾತು ಮಾತ್ರ ಒಂದೇ: 'ಆಗಿನ ಕಾಲದೋರು ಎಂಥಾ ಕೆಲಸ ಮಾಡ್ಯಾರ ನೋಡ್ರಿ!'

ಈ 'ಆಗಿನ ಕಾಲದೋರು' ಎಂಬ ಮಾತಿನೊಳಗೆ ಯಾರು ಇದ್ದಾರೆ, ಯಾರು ಇಲ್ಲ? ಇದು ಒಂದು ಪ್ರಶ್ನೆ. ಅದಕ್ಕೆ ಅಂಟಿಕೊಂಡೇ ಇನ್ನೊಂದು ಬರುತ್ತದೆ. ಯಾರ ಅಜ್ಜ ಮುತ್ತಜ್ಜಂದಿರನ್ನು ಗುಡಿಯ ಹೊಸ್ತಿಲಿನಾಚೆ ನಿಲ್ಲಿಸಲಾಗಿತ್ತೋ, ಅವರ ಮಕ್ಕಳು ಇವತ್ತು ಆ ಕಲ್ಲನ್ನು ಚೆಂದ ಅನ್ನಬಹುದೆ? ಅಂದರೆ ಅದು ಸೋಲೆ? ಅನ್ನದಿದ್ದರೆ ಬರೀ ಹಟವೆ?

ಹರಿಹರದಿಂದಲೇ ಶುರುಮಾಡೋಣ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಹರಿಹರೇಶ್ವರನ ಗುಡಿ ಕಟ್ಟಿಸಿದ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಅದಕ್ಕೆ ಇನ್ನಷ್ಟು ಸೇರಿಸಿದ. ಒಳಗಿನ ಮೂರ್ತಿ ಬಲಗಡೆ ಅರ್ಧ ಶಿವ, ಎಡಗಡೆ ಅರ್ಧ ವಿಷ್ಣು. ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಕಾಡಿತ್ತು, ಗುಹಾರಣ್ಯ. ಕಾಡಿನಲ್ಲಿ ಗುಹಾಸುರನಿದ್ದ. ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ವರ ಪಡೆದಿದ್ದ. ಅದಕ್ಕೇ ಇಬ್ಬರೂ ಒಂದೇ ಮೈಯಾಗಿ ಬಂದು ಅವನನ್ನು ಕೊಂದರು.

ಪಂಡಿತರು ಇದನ್ನು ಸಮನ್ವಯ ಅಂತಾರೆ. ಶೈವ ವೈಷ್ಣವರ ಜಗಳ ತೀರಿ ಒಂದಾದ ಮಹಾ ಸಂಕೇತ ಅಂತಾರೆ. ಇರಲಿ. ಕಥೆಯನ್ನು ನಮ್ಮ ಕಡೆಯಿಂದಲೂ ಒಮ್ಮೆ ಓದಬೇಕಲ್ಲ? ಮೇಲಿನವರಿಬ್ಬರ ಜಗಳ ನಿಂತದ್ದು ಯಾವಾಗ? ಕಾಡಿನವನೊಬ್ಬನನ್ನು ಮುಗಿಸಬೇಕಾದಾಗ. ಒಂದೇ ಕಲ್ಲಿನಲ್ಲಿ ಹರಿಯೂ ಹರನೂ ಒಂದಾದರು. ಅದೇ ಕಲ್ಲಿನ ಸುತ್ತ ಎಂಟುನೂರು ವರ್ಷ ಕಳೆದರೂ ಊರು ಕೇರಿ ಒಂದಾಗಲಿಲ್ಲ. ದೇವರು ದೇವರ ಜೊತೆ ಸೇರುವುದು ಸುಲಭ, ಅವರಿಬ್ಬರಿಗೂ ಪೂಜಾರಿ ಇದ್ದಾನೆ.

ಹೀಗೆ ಹೇಳಿದ ಮೇಲೂ ಆ ಕಂಬಗಳು ಅಲ್ಲೇ ಇವೆಯಲ್ಲ! ಮಂಟಪದ ಕಂಬಗಳನ್ನು ನೋಡಿ. ತಿರುಗಣೆಗೆ ಹಿಡಿದು ಉಜ್ಜಿದ ಹಾಗೆ ದುಂಡಗೆ, ನುಣ್ಣಗೆ, ಬಳೆ ಬಳೆ. ಕೈಯಿಟ್ಟರೆ ತಣ್ಣಗಿರುತ್ತದೆ. ಕಣ್ಣಿದ್ದವನಿಗೆ ಅದು ಚೆಂದ ಕಾಣಲೇಬೇಕು. ಇದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ಮಾಡುತ್ತಿದ್ದದ್ದು ಲೇತು, ಅಂದರೆ ಕಬ್ಬಿಣಕ್ಕೆ ತಿರುಗಣೆ. ಕಲ್ಲನ್ನು ದುಂಡಗೆ ಮಾಡಿದ ಊರಿನಲ್ಲೇ ಕಬ್ಬಿಣವನ್ನು ದುಂಡಗೆ ಮಾಡುವ ಯಂತ್ರ ಹುಟ್ಟಿತು. ಕಂಬ ನೋಡಲು ಬಂದವರಲ್ಲಿ ಎಷ್ಟು ಜನಕ್ಕೆ ಈ ಮಾತು ಹೊಳೆದೀತು? ಕಂಬ ಪರಂಪರೆ, ಲೇತು ಬರೀ ಕೂಲಿ ಕೆಲಸ ಅಂತ ನಮ್ಮ ತಲೆಗೆ ತುಂಬಿದ್ದಾರೆ. ಎರಡೂ ಕೈಕೆಲಸವೇ.

ನಮ್ಮ ಗೆಳೆಯರಲ್ಲಿ ಕೆಲವರು ಅಂತಾರೆ: 'ಬಿಟ್ಹಾಕ್ರಿ ಅತ್ಲಾಗೆ. ರಾಜ ಕಟ್ಟಿಸಿದ, ಪೂಜಾರಿ ಉಂಡ. ನಮಗ್ಯಾಕೆ ಅವರ ಗುಡಿ?' ಈ ಸಿಟ್ಟಿಗೆ ಕಾರಣವಿದೆ. ಅದನ್ನು ಹಗುರ ಮಾಡಬಾರದು. ಇನ್ನೊಂದು ಕಡೆ ಪೇಟೆಯ ರಸಿಕರು ಅಂತಾರೆ: 'ಕಲೆಗೆ ಜಾತಿ ಇಲ್ಲ, ಅದು ಎಲ್ಲರದು.' ಕೇಳೋಕೆ ಬಹಳ ಚೆನ್ನಾಗಿದೆ. ಎಲ್ಲರದು ಅನ್ನುವವರು ಈ 'ಎಲ್ಲರು' ಯಾವ ಇಸವಿಯಿಂದ ಶುರುವಾದರು ಅನ್ನುವುದನ್ನೂ ಹೇಳಬೇಕು. ಸಂವಿಧಾನ ಅಸ್ಪೃಶ್ಯತೆಯನ್ನು ಅಳಿಸಿದ್ದು 1950ರಲ್ಲಿ. ಅದನ್ನು ಆಚರಿಸಿದವರಿಗೆ ಶಿಕ್ಷೆ ಕೊಡುವ ಕಾಯಿದೆ ಬಂದದ್ದು 1955ರಲ್ಲಿ. ಎಂಟುನೂರು ವರ್ಷದ ಕಲ್ಲು ಕಾಗದದ ಮೇಲೆ ಎಲ್ಲರದಾಗಿ ಇನ್ನೂ ನೂರು ವರ್ಷವೂ ಆಗಿಲ್ಲ. ಕಾಗದದ ಆಚೆ ಆಯಿತೋ ಇಲ್ಲವೋ, ಹಳ್ಳಿಗಳಲ್ಲಿ ಕೇಳಿ.

ಈ ಎರಡೂ ಮಾತುಗಳಿಗೆ ಬಾಬಾಸಾಹೇಬರ ಬದುಕಿನಲ್ಲೇ ಒಂದು ಉತ್ತರವಿದೆ. 1934ರಲ್ಲಿ ಅಂಬೇಡ್ಕರ್ ಚಳವಳಿಯ ಸಂಗಾತಿಗಳ ಜೊತೆ ಪ್ರವಾಸ ಹೊರಟಿದ್ದರು. ವೇರುಳದ ಗುಹೆಗಳನ್ನು ನೋಡುವ ಆಸೆ. ದಾರಿಯಲ್ಲಿ ದೌಲತಾಬಾದಿನ ಕೋಟೆ. ಬೆಟ್ಟದ ಮೇಲಿನ ಹಳೇ ಕೋಟೆ, ಹಾಳು ಬಿದ್ದ ಗೋಡೆಗಳು. ರಂಜಾನಿನ ತಿಂಗಳು. ಬಾಗಿಲ ಬಳಿ ನೀರಿನ ಕೊಳ ಕಂಡಿತು. ದೂಳಿನಲ್ಲಿ ಬಂದವರು ಕೈಕಾಲು ಮುಖ ತೊಳೆದುಕೊಂಡರು. ಅಷ್ಟೇ! ಮುದುಕನೊಬ್ಬ ಕೂಗುತ್ತಾ ಓಡಿಬಂದ, ನೀರು ಮೈಲಿಗೆಯಾಯಿತು ಅಂತ. ಜನ ಸೇರಿದರು, ಬೈದರು. ಕೂಗಿದವನು ಹಿಂದೂ ಅಲ್ಲ, ಮುಸಲ್ಮಾನ. ಜಾತಿಯ ವಿಷ ಎಲ್ಲೆಲ್ಲಿಗೆ ಇಳಿದಿತ್ತು ನೋಡಿ. ಕಡೆಗೆ, ಕೋಟೆಯೊಳಗೆ ಎಲ್ಲೂ ನೀರು ಮುಟ್ಟಬಾರದು ಅಂತ ಕಾವಲಿಗೆ ಒಬ್ಬ ಬಂದೂಕಿನ ಸಿಪಾಯಿಯನ್ನು ಜೊತೆ ಕಳಿಸಿದರು.

ಹಾಳು ಕೋಟೆಯ ನೀರು! ಕುಡಿಯುವ ರಾಜನಿಲ್ಲ, ಕಾಯುವ ಸೈನ್ಯವಿಲ್ಲ. ರಾಜ್ಯ ಹಾಳಾಗಿತ್ತು, ಗೋಡೆ ಹಾಳಾಗಿತ್ತು. ಹಾಳಾಗದೆ ಗಟ್ಟಿಯಾಗಿ ಉಳಿದದ್ದು ಮೈಲಿಗೆ ಒಂದೇ. 'ಕಲೆ ಎಲ್ಲರದು' ಅನ್ನುವವರು ಮೊದಲು ಈ ಕೊಳದ ಹತ್ತಿರ ನಿಂತು ಮಾತಾಡಬೇಕು.

'ನಮಗ್ಯಾಕೆ' ಅನ್ನುವ ಗೆಳೆಯರಿಗೂ ಅಲ್ಲೇ ಉತ್ತರವಿದೆ. ಅಂಬೇಡ್ಕರ್ ನೋಡೋಕೆ ಹೋಗಿದ್ದರು. ಅವಮಾನವಾದೀತು ಅಂತ ಗೊತ್ತಿದ್ದೂ ಹೋಗಿದ್ದರು. ಅವರಿಗೂ ಸಂಗಾತಿಗಳಿಗೂ ಬೆಟ್ಟ ನೋಡುವ, ಗುಹೆ ನೋಡುವ, ಹಿಂದೆ ಮನುಷ್ಯರು ಏನೇನು ಮಾಡಿದರು ಅಂತ ತಿಳಿಯುವ ಆಸೆ ಇತ್ತು. ಆ ಆಸೆ ಮನುಷ್ಯತ್ವದ್ದು. ಹೊಟ್ಟೆಗೆ ಹಿಟ್ಟು, ತಲೆ ಮೇಲೆ ಸೂರು, ಇಷ್ಟೇ ನಮ್ಮ ಹಕ್ಕು ಅಂತ ನಾವೇ ಒಪ್ಪಿಕೊಂಡುಬಿಟ್ಟರೆ ನಮ್ಮನ್ನು ದನದ ಲೆಕ್ಕಕ್ಕೆ ಸೇರಿಸಿದವರ ಮಾತನ್ನು ನಾವೇ ನಿಜ ಮಾಡಿದಂತೆ. ನೋಡುವುದೂ ಹಕ್ಕು. ಆದರೆ ನಾವು ಹೇಗೆ ನೋಡಬೇಕು?

ಲೆಕ್ಕ ಕೇಳುತ್ತಾ ನೋಡಬೇಕು. ಹೊಯ್ಸಳರ ಗುಡಿಗಳಲ್ಲಿ ಕಟ್ಟಿಸಿದವರ ಹೆಸರಿದೆ. ಕೆಲವು ಕಡೆ ಕೆತ್ತಿದವರ ಹೆಸರೂ ಇದೆ: ಬೇಲೂರಿನ ದಾಸೋಜ, ಸೋಮನಾಥಪುರದ ಮಲ್ಲಿತಮ್ಮ. ಇದು ದೊಡ್ಡ ಮಾತೇ, ಮೆಚ್ಚಬೇಕು. ಆದರೆ ಕಲ್ಲಿನ ಗಣಿಯಲ್ಲಿ ಬಂಡೆ ಒಡೆದವರು ಯಾರು? ಬಂಡಿಗೆ ಹೇರಿದವರು, ಅಡಿಪಾಯ ಅಗೆದವರು, ಎತ್ತಿಗೆ ಬಾರುಕೋಲಿನ ತೊಗಲು ಹದ ಮಾಡಿದವರು, ಮಿಣಿ ಹೊಸೆದವರು ಯಾರು? ತೊಗಲು ಮುಟ್ಟದೆ ಯಾವ ಗುಡಿಯೂ ಏಳಲಿಲ್ಲ. ಮುಟ್ಟಿದವನ ಹೆಸರು ಶಾಸನದಲ್ಲಿಲ್ಲ.

ಗ್ರೀಸಿನಲ್ಲಿ ಡೆಲ್ಫಿ ಅಂತ ಒಂದು ಜಾಗ. ಹಿಂದೆ ಪರ್ನಾಸಸ್ ಬೆಟ್ಟ, ಕೆಳಗೆ ಕಾಣುವ ಹಾಗೆ ಕಡಲಕೊಲ್ಲಿ. ಅಪೊಲೊ ದೇವರ ಗುಡಿ ಅಲ್ಲಿ ಹಾಳಾಗಿ ನಿಂತಿದೆ. ಗುಡಿಯ ಕೆಳಗೆ ಒಂದು ಗೋಡೆ. ಆ ಗೋಡೆಯ ಮೇಲೆ ಕೊರೆದಿರುವುದು ಗುಲಾಮರ ಬಿಡುಗಡೆ ಪತ್ರಗಳು. ಡೆಲ್ಫಿಯಲ್ಲಿ ಹೀಗೆ ಸಾವಿರಕ್ಕೂ ಹೆಚ್ಚು ಗುಲಾಮರ ಹೆಸರು ಕಲ್ಲಿನ ಮೇಲೆ ಉಳಿದಿದೆ. ಒಡೆಯ ಗುಲಾಮನನ್ನು ದೇವರಿಗೆ 'ಮಾರಿದ' ಅಂತ ಬರೆಸುತ್ತಿದ್ದ. ಬೆಲೆಯ ಹಣ ಮಾತ್ರ ಆ ಗುಲಾಮನೇ ಕೂಡಿಟ್ಟು ತರಬೇಕಿತ್ತು. ಕೊಟ್ಟ ಮೇಲೂ ಎಷ್ಟೋ ಜನ ಒಡೆಯ ಸಾಯುವವರೆಗೆ ಅವನ ಮನೆಯಲ್ಲೇ ದುಡಿಯಬೇಕೆಂಬ ಕರಾರು. ಆದ್ದರಿಂದ ಡೆಲ್ಫಿಯ ದೇವರೇನೂ ದೊಡ್ಡ ಕರುಣಾಳು ಅಲ್ಲ. ಅವನು ಬರೀ ರಸೀದಿಗೆ ಸಾಕ್ಷಿ. ಆದರೂ ರಸೀದಿ ಇದೆ! ಹೆಣ್ಣು ಗಂಡು ಅನ್ನದೆ ಹೆಸರಿದೆ. ಗುಲಾಮಗಿರಿಗೆ ಒಂದು ಬೆಲೆ ಇತ್ತು, ಬೆಲೆ ಕೊಟ್ಟರೆ ಹೊರಬರುವ ಒಂದು ಬಾಗಿಲಿತ್ತು. ನಮ್ಮ ಜಾತಿಗೆ ಬೆಲೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ನಾವು ಬಿಡುಗಡೆಯಾದೆವು ಅಂತ ಬರೆಸುವುದಕ್ಕೆ ಯಾವ ಗುಡಿಯೂ ತನ್ನ ಗೋಡೆ ಕೊಡಲಿಲ್ಲ.

ಹೆಸರಿನ ಮಾತು ಬಂತು, ನಮ್ಮ ಜಿಲ್ಲೆಯದೇ ಒಂದು ಹೆಸರಿದೆ. ಹರಿಹರದಲ್ಲಿ ತುಂಗಭದ್ರೆಗೆ ಸೇರುವ ಹರಿದ್ರಾ ಹೊಳೆಗೆ, ಮೇಲೆ ಚನ್ನಗಿರಿ ಸೀಮೆಯ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಕೆರೆ ಸೂಳೆಕೆರೆ. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳು ಅಂತ ಕಥೆ. ಕೆರೆಯ ಜಾಗ ಸೂಳೆಯರ ಕೇರಿಯಾಗಿತ್ತಂತೆ. ಕೆರೆಗೆ ನಮ್ಮ ಹೆಸರಿಟ್ಟರೆ ಮಾತ್ರ ಜಾಗ ಬಿಟ್ಟುಕೊಡ್ತೀವಿ ಅಂದರಂತೆ ಅವರು. ಎಂಥಾ ಗಟ್ಟಿ ಹೆಂಗಸರು! ಮುಳುಗಿದವರ ಹೆಸರನ್ನೇ ನೀರಿನ ಮೇಲೆ ಬರೆಸಿಕೊಂಡರು. ಈಗ ಮರ್ಯಾದಸ್ಥರಿಗೆ ಆ ಹೆಸರು ನಾಚಿಕೆ. ಶಾಂತಿಸಾಗರ ಅಂತ ಕರೀತಾರೆ. ನೀರು ಬೇಕು, ಕೊಟ್ಟವರ ಹೆಸರು ಬೇಡ. ಕಥೆ ನಿಜವೋ ಸುಳ್ಳೋ, ಅದನ್ನು ಹೇಳಿಕೊಂಡು ಬಂದ ಜನಕ್ಕೆ ನ್ಯಾಯ ಅಂದರೇನು ಅಂತ ಗೊತ್ತಿತ್ತು.

ಮತ್ತೆ ಡೆಲ್ಫಿಗೆ ಬರೋಣ. ಈಗ ಪ್ರವಾಸಿಗರು ನೋಡುವ ಹಾಳಿನ ಮೇಲೆ ಮೊದಲು ಕಸ್ತ್ರಿ ಅನ್ನುವ ಹಳ್ಳಿ ಇತ್ತು. 1892ರಲ್ಲಿ ಫ್ರೆಂಚ್ ಪಂಡಿತರು ಅಲ್ಲಿ ಅಗೆಯೋಕೆ ನಿಂತಾಗ ಹಳ್ಳಿಯನ್ನೇ ಎತ್ತಿ ಪಕ್ಕಕ್ಕೆ ಸರಿಸಿದರು. ಹಳ್ಳಿಯವರು ಅಡ್ಡ ನಿಂತರು, ಜಗಳಾಡಿದರು. ಅವರ ಜಗಳ ಯಾರಿಗೂ ನೆನಪಿಲ್ಲ, ಹೊರಬಂದ ಮೂರ್ತಿಗಳು ಲೋಕಕ್ಕೆಲ್ಲ ಗೊತ್ತು. ನಮ್ಮಲ್ಲೂ ಆಯಿತಲ್ಲ! ಹರಿಹರದ ಇದೇ ಹೊಳೆ ಕೆಳಗೆ ಹರಿದು ಹಂಪಿಗೆ ಹೋಗುತ್ತದೆ. 2011ರ ಜುಲೈ 29ರಂದು ಹಂಪಿಯ ವಿರೂಪಾಕ್ಷ ಗುಡಿಯೆದುರಿನ ಬೀದಿಗೆ ಬುಲ್ಡೋಜರು ಬಂತು. ಹಳೇ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಿದರು. ಕಂಬಕ್ಕೆ ಸಿಮೆಂಟು ಮೆತ್ತಿ ಮೊಳೆ ಹೊಡೆದರೆ ಕಲ್ಲು ಕೆಡುತ್ತದೆ, ನಿಜ. ಕಲ್ಲು ಉಳಿಯಬೇಕು, ಅದೂ ನಿಜ. ಆದರೆ ವಿಜಯನಗರದ ಕಾಲದಲ್ಲಿ ಆ ಬೀದಿ ಬಜಾರೇ ಆಗಿತ್ತು. ಅಲ್ಲಿ ಮಾರುವವರು, ಕೊಳ್ಳುವವರು, ಬೇಯಿಸುವವರು ಇದ್ದರು. ಸತ್ತ ಬಜಾರು ಪರಂಪರೆ, ಬದುಕಿರುವ ಬಜಾರು ಒತ್ತುವರಿ ಅನ್ನುವ ತೀರ್ಪು ಕೊಟ್ಟವರು ಯಾರು? ಕಲ್ಲನ್ನು ಕಾಯುವ ಮಾತುಕತೆಗೆ ಅಲ್ಲಿ ಚಹಾ ಮಾರುವ ಅವ್ವನನ್ನು ಕೂರಿಸಿದ್ದಾರಾ?

ಇನ್ನು ದಾವಣಗೆರೆ. ಇದಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಹತ್ತಿ ಗಿರಣಿಗಳ ಊರು. ಗಿರಣಿಯ ಕೂಗಿಗೆ ಊರು ಏಳುತ್ತಿತ್ತು, ಪಾಳಿ ಬಿಟ್ಟಾಗ ಬೀದಿ ತುಂಬುತ್ತಿತ್ತು. ಕೆಂಬಾವುಟದ ಕಾಮ್ರೇಡ್ ಪಂಪಾಪತಿಯವರನ್ನು ಈ ಊರು ಒಂದಕ್ಕಿಂತ ಹೆಚ್ಚು ಸಲ ವಿಧಾನಸಭೆಗೆ ಕಳಿಸಿತ್ತು. ಗಿರಣಿಗಳು ಒಂದೊಂದಾಗಿ ನಿಂತವು. ಡಿಸಿಎಂ ಅನ್ನುವ ಮೂರಕ್ಷರ ಈಗ ಬಡಾವಣೆಯ ಹೆಸರಾಗಿ ಉಳಿದಿದೆ. ಹರಿಹರದ ಕಿರ್ಲೋಸ್ಕರ್ ಕೂಡ 2000ದ ಆಚೀಚೆ ಬಾಗಿಲು ಹಾಕಿತು. ಇವೂ ಹಾಳುಗಳೇ. ಇವಕ್ಕೆ ಪುರಾತತ್ವ ಇಲಾಖೆಯ ನೀಲಿ ಫಲಕವಿಲ್ಲ, ನೋಡೋಕೆ ಬಸ್ಸು ಬರುವುದಿಲ್ಲ. ಗಿರಣಿಯನ್ನು ಹೊಗಳಿ ಸ್ವರ್ಗ ಮಾಡುವುದೂ ಬೇಡ. ಮುಂಬೈಯ ಗಿರಣಿಗಳಲ್ಲಿ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ, ಲಾಳಿಯ ದಾರವನ್ನು ಬಾಯಿಂದ ಎಳೆಯಬೇಕಿತ್ತು ಅಂತ. 1928ರ ಮುಷ್ಕರದ ಕಾಲದಲ್ಲಿ ಅಂಬೇಡ್ಕರ್ ಇದನ್ನು ಎತ್ತಿದರು. ಯಂತ್ರದ ಮನೆಯಲ್ಲೂ ಗರ್ಭಗುಡಿ ಇತ್ತು. ಆದರೂ ಅಲ್ಲಿ ಸಂಘ ಕಟ್ಟಬಹುದಿತ್ತು, ಕೂಲಿ ಕೇಳಬಹುದಿತ್ತು, ಬಾಗಿಲಲ್ಲಿ ಕೂತು ಗಿರಣಿ ನಿಲ್ಲಿಸಬಹುದಿತ್ತು. ಪೊಲಾಳ್ವನ ಕೆಲಸಗಾರನಿಗೆ ಆ ಭಾಗ್ಯವಿರಲಿಲ್ಲ.

ಆದ್ದರಿಂದ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಆ ಕಂಬ ಚೆಂದ ಅನ್ನಬಹುದು, ಅದು ಸೋಲಲ್ಲ. ಚೆಂದ ಮಾಡಿದ್ದು ಹುಕುಮ್ಮಲ್ಲ, ಕೈ. ಕೈಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಹುಕುಮ್ಮಿಗೆ ಸಲ್ಲಿಸಿದರೆ ಮಾತ್ರ ನಾವು ಸೋತ ಹಾಗೆ. ಕಲ್ಲನ್ನು ಒಡೆಯುವುದು ನಮ್ಮ ಕೆಲಸವಲ್ಲ, ನಮ್ಮವರು ಹೊತ್ತ ಕಲ್ಲನ್ನು ನಾವೇ ಯಾಕೆ ಒಡೆಯೋಣ? ಆದರೆ ಕಲ್ಲಿನ ಮುಂದೆ ಕೈಮುಗಿದು ಬಾಯಿ ಮುಚ್ಚುವುದೂ ನಮ್ಮ ಕೆಲಸವಲ್ಲ. ಹೆಸರು ಕೇಳಬೇಕು, ಕೂಲಿ ಕೇಳಬೇಕು, ಯಾರನ್ನು ಎಬ್ಬಿಸಿ ಈ ಅಂಗಳ ಗುಡಿಸಿದಿರಿ ಅಂತ ಕೇಳಬೇಕು.

ಹರಿಹರಕ್ಕೆ ಹೋಗುವವರಿಗೆ ಒಂದು ಮಾತು. ಈ ಊರು ಪೊಲಾಳ್ವನದಷ್ಟೇ ಅಲ್ಲ. ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮಂತ್ರಿ, 1973ರಲ್ಲಿ ಬೂಸಾ ಅಂದು ಕನ್ನಡ ಸಾಹಿತ್ಯವನ್ನೇ ಅಲುಗಾಡಿಸಿದ ಬಿ. ಬಸವಲಿಂಗಪ್ಪನವರ ಊರು. ದಲಿತ ಸಂಘರ್ಷ ಸಮಿತಿ ಕಟ್ಟಿದ, 1938ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡ ಪ್ರೊ. ಬಿ. ಕೃಷ್ಣಪ್ಪನವರ ಊರು. ಗುಡಿ ನೋಡಿ, ಕಂಬ ಮುಟ್ಟಿ, ಆಮೇಲೆ ಹನಗವಾಡಿಯ ಮೈತ್ರಿವನಕ್ಕೂ ಹೋಗಿ. ಕೃಷ್ಣಪ್ಪನವರು ಮಲಗಿರುವುದು ಅಲ್ಲಿ. ಅಲ್ಲಿ ತಿರುಗಣೆ ಕಂಬಗಳಿಲ್ಲ. ಒಳಗೆ ಬರಬೇಡ ಅನ್ನುವ ಹೊಸ್ತಿಲೂ ಇಲ್ಲ.