ಜೋತಮ್ಮಗಳ ಸಾಕ್ಷಿ

ಮಾಂತ್ರಿಕ ವಾಸ್ತವದ ಕಥನದಲ್ಲಿ ದೈವ, ದೆವ್ವ, ಶಕುನಗಳು ಉಣ್ಣುವ-ಉಡುವ ಬದುಕಿನ ಜೊತೆಗೇ ಬರುತ್ತವೆ. ನಿರೂಪಕ ಬೆರಗಾಗುವುದಿಲ್ಲ, ಕಾರಣ ಹೇಳುವ ಗೊಡವೆಗೂ ಹೋಗುವುದಿಲ್ಲ. ಕ್ಯೂಬಾದ ಅಲೆಹೊ ಕಾರ್ಪೆಂತಿಯೆರ್ 1949ರಲ್ಲಿ, ಹೈಟಿ ಕುರಿತ ತಮ್ಮ ಕಾದಂಬರಿಯ ಮುನ್ನುಡಿಯಲ್ಲಿ, ಅಮೆರಿಕ ಖಂಡದ ಅದ್ಭುತವು ಜನರ ನಂಬಿಕೆಯಲ್ಲೇ ಇದೆ, ಲೇಖಕ ಅದನ್ನು ಹೊಸೆಯಬೇಕಿಲ್ಲ ಎಂದು ವಾದಿಸಿದರು. ಹಾಗಿದ್ದರೆ ನಂಬದ ಲೇಖಕ ನಂಬುವವರ ಲೋಕವನ್ನು ಪ್ರಾಮಾಣಿಕವಾಗಿ ಬರೆಯಬಲ್ಲನೇ?

ಬೀದರ್ ಜಿಲ್ಲೆಯ, ಭಾತಂಬ್ರಾ ಸೇರಿದ ಭಾಲ್ಕಿ ತಾಲ್ಲೂಕಿನ ಸೀಮೆಯಲ್ಲಿ ಈ ಪ್ರಶ್ನೆ ಹಳೆಯದು. ಅಲ್ಲಿನ ಖಾನಾಪುರದ ದೈವ ಮೈಲಾರ ಮಲ್ಲಣ್ಣನಿಗೆ ಕನ್ನಡ, ಮರಾಠಿ, ತೆಲುಗು ಮಾತಾಡುವ ಭಕ್ತರಿದ್ದಾರೆ. ಅವನು ಮಾಡಿದ ಮಣಿ–ಮಲ್ಲಾಸುರರ ವಧೆ ಅವರಿಗೆ ಕಟ್ಟುಕತೆಯಲ್ಲ. ಅದೇ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೇ ಶತಮಾನದ ಶರಣರು ಹಲವು ದೈವಗಳ ಪೂಜೆಯನ್ನು ಗೇಲಿ ಮಾಡಿದ್ದರು. ನಂಬಿಕೆಯ ವಿಮರ್ಶೆಯನ್ನು ಇಂಗ್ಲಿಷರೇ ಹಡಗಿನಲ್ಲಿ ತರಬೇಕಾಗಿರಲಿಲ್ಲ. ಕವಿ ಹರಿಹರ ತನ್ನ ರಗಳೆಗಳಲ್ಲಿ ಆ ಶರಣರ ಬದುಕಿಗೇ ಪವಾಡಗಳನ್ನು ಪೋಣಿಸಿದ್ದು ಬೇರೆ ಮಾತು.

ಆಧುನಿಕ ಕನ್ನಡ ಕಾದಂಬರಿ ನಂಬಿಕೆ ಮತ್ತು ಅದರ ವಿಮರ್ಶೆ ಎಂಬ ಈ ಎರಡೂ ಎಳೆಗಳಿಗೆ ವಾರಸುದಾರ. ಯು.ಆರ್. ಅನಂತಮೂರ್ತಿಯವರ 'ಭಾರತೀಪುರ'ದಲ್ಲಿ (1973) ಜಗನ್ನಾಥ ದಲಿತರ ಕೈಯಿಂದ ಸಾಲಿಗ್ರಾಮ ಮುಟ್ಟಿಸಿ, ಅದು ಬರೀ ಕಲ್ಲೆಂದು ತೋರಿಸಹೊರಡುತ್ತಾನೆ. ಅವನ ಹಟಕ್ಕೇ ಆ ಕಲ್ಲಿನ ಭಾರ ಹೆಚ್ಚುತ್ತದೆ. ಆದರೂ ಅದು ಹೊರಗೆ ಓದಿ ಬಂದವನ ಕಣ್ಣು. ಚಂದ್ರಶೇಖರ ಕಂಬಾರರ 'ಕರಿಮಾಯಿ' (1975) ದೇವಿಯನ್ನು ನಂಬಿದ ಶಿವಾಪುರದ ಒಳಗಿನಿಂದ ಕಥೆ ಹೇಳುತ್ತದೆ.

ದೇವನೂರ ಮಹಾದೇವರ 'ಕುಸುಮಬಾಲೆ' (1984) ಇನ್ನೂ ಮುಂದೆ ಹೋಗುತ್ತದೆ. ಮನೆಮನೆಯ ದೀಪಗಳ ಜೀವವಾದ ಜೋತಮ್ಮಗಳು ರಾತ್ರಿ ಒಂದೆಡೆ ಕೂಡಿ, ತಾವು ಕಂಡದ್ದನ್ನು ಆಡಿಕೊಳ್ಳುತ್ತವೆ, ಮಂಚವೂ ಮಾತಾಡುತ್ತದೆ. ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಯುವಕ ಚನ್ನನ ಕೊಲೆ ಇಲ್ಲಿಯ ಮುಖ್ಯ ಸಂಗತಿ. ಮನುಷ್ಯರು ಬಾಯಿ ಬಿಡದ ಕಡೆ ದೀಪಗಳು ಸಾಕ್ಷಿ ಹೇಳಬೇಕಾಗುತ್ತದೆ. ಜೋತಮ್ಮಗಳು ನಿಜವೇ ಎಂದು ಕೇಳುವವನಿಗೆ, ಕೊಲೆ ನಿಜವಲ್ಲವೇ ಎಂಬುದೇ ಕಾದಂಬರಿಯ ಉತ್ತರ. ದೀಪಗಳು ಕೂಡಿ ಮಾತಾಡುವ ಇಂಥದೇ ಜನಪದ ಕಥೆ ಎ.ಕೆ. ರಾಮಾನುಜನ್ ಅವರ ಮೂಲಕ ಗಿರೀಶ ಕಾರ್ನಾಡರ 'ನಾಗಮಂಡಲ'ಕ್ಕೂ (1988) ಬಂತು.

ನಂಬಿಕೆಯೆಲ್ಲ ವಿಮೋಚನೆಯಲ್ಲ. ಅಸ್ಪೃಶ್ಯತೆಯೂ ದೈವದ ಹೆಸರಿನಲ್ಲೇ ಉಳಿದುಬಂದಿದೆ. ಮಹಾದೇವರು ಜಾತಿಯ ಕಟ್ಟಳೆಗೆ ವಿನಾಯಿತಿ ಕೊಡದೆಯೇ ಜೋತಮ್ಮಗಳನ್ನು ಒಪ್ಪಿಕೊಂಡರು. ಇಂಥ ಕೃತಿಯನ್ನು ಲ್ಯಾಟಿನ್ ಅಮೆರಿಕದ ಮಾಂತ್ರಿಕ ವಾಸ್ತವದ ಕಾದಂಬರಿಕಾರ ಮಾರ್ಕ್ವೆಜ್‌ನ ನೆರಳೆಂದು ಓದುವುದು ಸೋಮಾರಿ ವಿಮರ್ಶೆ.